ಉಪ್ಪು ತುಂಬಿದ ಪ್ಲಾಸ್ಟಿಕ್ ಹುಳ: ಏನೂ ಮಾಡದ ಒಂದು ಕಡ್ಡಿಯ ಚರಿತ್ರೆ

(1/8)
ಫೋಟೋದಲ್ಲಿ ಇರೋದು ಕ್ರೇಯಾನ್ ಅಲ್ಲ. ಗಾಳಕ್ಕೆ ಸಿಕ್ಕಿಸೋ ಪ್ಲಾಸ್ಟಿಕ್ ಹುಳ. ಐದು ಇಂಚು ಉದ್ದ. ಕಣ್ಣಿಲ್ಲ, ಕಾಲಿಲ್ಲ, ಅಲ್ಲಾಡೋ ಬಾಲ ಇಲ್ಲ. ನೀರಿಗೆ ಎಸೆದ್ರೆ ನಿಧಾನಕ್ಕೆ ಮುಳುಗುತ್ತೆ, ಅಷ್ಟೇ ಅದರ ಕೆಲಸ. ಹೆಸರು ಸ್ಟಿಕ್ ವರ್ಮ್, ಅಂದ್ರೆ ಕಡ್ಡಿ ಹುಳ.

ಅಮೆರಿಕದಲ್ಲಿ ಬ್ಯಾಸ್ ಅನ್ನೋ ಸಿಹಿನೀರಿನ ಮೀನು ಹಿಡಿಯೋ ಹುಚ್ಚು ಲಕ್ಷಾಂತರ ಜನಕ್ಕಿದೆ. ಹೊಟ್ಟೆಪಾಡಿಗಲ್ಲ, ಹವ್ಯಾಸಕ್ಕೆ. ಹಿಡೀತಾರೆ, ತೂಕ ನೋಡ್ತಾರೆ, ಮತ್ತೆ ನೀರಿಗೆ ಬಿಡ್ತಾರೆ. ಇವರಲ್ಲಿ ಒಬ್ಬರನ್ನ ಕೇಳಿದ್ರೆ "ಈ ಕಡ್ಡಿಗಿಂತ ಒಳ್ಳೇದು ಇನ್ನೊಂದು ಹುಟ್ಟಿಲ್ಲ" ಅಂತಾರೆ. ಪಕ್ಕದವರನ್ನ ಕೇಳಿದ್ರೆ "ಅದೇನು ಮೀನು ಹಿಡಿಯೋದಾ? ಮೋಸ" ಅಂತಾರೆ. ಮೂರನೆಯವರು "ದುಡ್ಡು ದಂಡ" ಅಂತಾರೆ. ನಾಲ್ಕನೆಯವರು ಕೆರೆಯ ತಳ ತೋರಿಸ್ತಾರೆ.

ನಾಲ್ಕೂ ಜನ ಮಾತಾಡ್ತಿರೋದು ಒಂದೇ ಗುಣದ ಬಗ್ಗೆ: ಆ ಹುಳ ತುಂಬಾ ಮೆತ್ತಗಿದೆ. ಈ ಸರಣಿ ಆ ಮೆತ್ತನೆತನದ ಚರಿತ್ರೆ. 👉

(2/8)
ಕನ್ನಡದಲ್ಲಿ "ಎರೆ" ಅಂದ್ರೆ ಮೀನಿಗೆ ಹಾಕೋ ಆಹಾರ ಅಂತಾನೂ ಅರ್ಥ ಇದೆ. ಎರೆಹುಳ ಅನ್ನೋ ಮಾತಲ್ಲೇ ಹುಳಾನೂ ಗಾಳಾನೂ ಒಟ್ಟಿಗೆ ಕೂತಿವೆ. ಪ್ರಪಂಚದ ತುಂಬಾ ಮೀನುಗಾರರು ಮೊದಲು ನಂಬಿದ್ದು ಇದನ್ನೇ. ಆದ್ರೆ ಮಣ್ಣು ಅಗೀಬೇಕು, ಹುಳ ಸಾಯುತ್ತೆ, ಸಣ್ಣ ಮೀನು ಕಿತ್ಕೊಂಡು ಹೋಗುತ್ತೆ. ಹಾಗಾಗಿ ಸಾಯದ ಹುಳಕ್ಕೆ ಹುಡುಕಾಟ ಹಳೇದು. 19ನೇ ಶತಮಾನದಲ್ಲೇ ರಬ್ಬರ್ ಹುಳ ಬಂದಿತ್ತು. ತೊಂದರೆ ಏನಂದ್ರೆ ಅದು ಬಿರುಸು. ಮೀನು ಬಾಯಿಗೆ ಹಾಕಿ ತಕ್ಷಣ ಉಗುಳ್ತಿತ್ತು.

ಪರಿಹಾರ ಸಿಕ್ಕಿದ್ದು ಓಹಾಯೋ ರಾಜ್ಯದ ಆಕ್ರನ್ ಊರಲ್ಲಿ. ಗುಡ್‌ಇಯರ್, ಗುಡ್‌ರಿಚ್, ಫೈರ್‌ಸ್ಟೋನ್ ಎಲ್ಲಾ ಇದ್ದ ಟೈರ್ ಊರು. 1926ರಲ್ಲಿ ಗುಡ್‌ರಿಚ್‌ನ ವಾಲ್ಡೊ ಸೀಮನ್ ಅನ್ನೋ ವಿಜ್ಞಾನಿ ರಬ್ಬರನ್ನ ಲೋಹಕ್ಕೆ ಅಂಟಿಸೋ ಗೋಂದು ಹುಡುಕ್ತಾ ಇದ್ರು. ಅಂಟು ಸಿಗಲಿಲ್ಲ. ಬದಲಿಗೆ ಪಿವಿಸಿಯನ್ನ ಮೆತ್ತಗೆ, ಬಳುಕೋ ಹಾಗೆ ಮಾಡೋ ದಾರಿ ಸಿಕ್ತು. ನಮ್ಮ ರೇನ್‌ಕೋಟು, ವೈರಿನ ಹೊದಿಕೆ, ಎಲ್ಲದರ ಹಿಂದೆ ಇರೋದು ಇದೇ.

ಅದೇ ಊರಲ್ಲಿ 1949ರಲ್ಲಿ ನಿಕ್ ಕ್ರೀಮ್ ಅನ್ನೋ ಮೆಷಿನಿಸ್ಟ್, ಹೆಂಡತಿ ಕಾಸ್ಮಾ ಜೊತೆ ಸೇರ್ಕೊಂಡು ಮನೆಯಲ್ಲೇ ನಿಜವಾದ ಎರೆಹುಳದ ಅಚ್ಚು ತೆಗೆದು ಅದಕ್ಕೆ ಮೆತ್ತನೆ ವಿನೈಲ್ ಹೊಯ್ದರು. ಅಂಚೆಯಲ್ಲಿ ಮಾರಾಟ ಶುರುವಾಯ್ತು. ಐದು ಹುಳಕ್ಕೆ ಒಂದು ಡಾಲರ್. ಪ್ಲಾಸ್ಟಿಕ್ ಹುಳದ ವ್ಯಾಪಾರ ಹುಟ್ಟಿದ್ದು ಹೀಗೆ.

(3/8)
ಆದ್ರೆ ಅದನ್ನ ಬೆಳೆಸಿದ್ದು ಅಣೆಕಟ್ಟುಗಳು. ಟೆಕ್ಸಸ್‌ನಲ್ಲಿ ಸ್ವಾಭಾವಿಕ ಸರೋವರ ತೀರಾ ಕಡಿಮೆ. ಅಲ್ಲಿನ ದೊಡ್ಡ ಕೆರೆಗಳೆಲ್ಲ ಹೊಳೆಗೆ ಅಣೆಕಟ್ಟು ಕಟ್ಟಿ ನಿಲ್ಲಿಸಿದ ಹಿನ್ನೀರು. ಸ್ಯಾಮ್ ರೇಬರ್ನ್, ಟೊಲೆಡೊ ಬೆಂಡ್ ಎರಡೂ 1960ರ ದಶಕದವು. ಕಾಡು ಹಾಗೇ ಮುಳುಗಿತ್ತು. ನೀರೊಳಗೆ ಮರದ ಬೊಡ್ಡೆ, ಕೊಂಬೆ, ಪಾಚಿ. ಬ್ಯಾಸ್‌ಗೆ ಅಡಗಿ ಕೂತು ಬೇಟೆಯಾಡೋಕೆ ಅರಮನೆ. ಗಾಳ ಹಾಕೋರಿಗೆ ನರಕ, ಎಸೆದ ಕೊಕ್ಕೆಯೆಲ್ಲ ಕೊಂಬೆಗೆ ಸಿಕ್ಕಿಹಾಕಿಕೊಳ್ತಿತ್ತು.

ಆಗ ಅಲ್ಲಿನ ಜನ ಒಂದು ಉಪಾಯ ಮಾಡಿದ್ರು. ಕೊಕ್ಕೆಯ ಮೊನೆಯನ್ನ ವಾಪಸ್ ಹುಳದ ಮೈಯೊಳಗೇ ಚುಚ್ಚಿ ಮುಚ್ಚಿಟ್ಟರು. ಮುಂದೆ ಜಾರೋ ಸೀಸದ ಗುಂಡು. ಈಗ ಹುಳ ಕೊಂಬೆ ಮೇಲೆ ತೆವಳುತ್ತೆ, ಸಿಕ್ಕಲ್ಲ. ಮೀನು ಕಚ್ಚಿ ಎಳೆದಾಗ ಮಾತ್ರ ಮೆತ್ತನೆ ಪ್ಲಾಸ್ಟಿಕ್ ಹರಿದು ಮೊನೆ ಹೊರಗೆ ಬರುತ್ತೆ. ಇದೇ ಟೆಕ್ಸಸ್ ರಿಗ್. ಗಮನಿಸಿ, ಇಲ್ಲಿ ಹುಳ ಹರಿಯೋದು ದೋಷ ಅಲ್ಲ, ಅದೇ ತಂತ್ರ.

ಕ್ರೀಮ್ ಕಂಪನಿ ಟೆಕ್ಸಸ್‌ನ ಟೈಲರ್ ಊರಿಗೇ ಬಂದು ನೆಲೆಸಿತು. ಅಲಬಾಮದ ಯುಫಾಲಾದಲ್ಲಿ ಟಾಮ್ ಮ್ಯಾನ್ ಹಣ್ಣಿನ ವಾಸನೆಯ ಜೆಲ್ಲಿ ವರ್ಮ್ ಮಾಡಿದ್ರು. ಸ್ಟ್ರಾಬೆರಿ, ದ್ರಾಕ್ಷಿ! ವಾಸನೆ ಮೀನಿಗೋ, ಅಂಗಡಿಗೆ ಬರೋ ಗಿರಾಕಿಗೋ ಅನ್ನೋ ಅನುಮಾನ ನನಗೆ ಈಗಲೂ ಇದೆ 😄

(4/8)
1967ರಲ್ಲಿ ರೇ ಸ್ಕಾಟ್ ಅನ್ನೋ ಇನ್ಶೂರೆನ್ಸ್ ಏಜೆಂಟ್, ಅರ್ಕಾನ್ಸಾಸ್‌ನ ಬೀವರ್ ಲೇಕ್‌ನಲ್ಲಿ ಪಂದ್ಯ ಇಟ್ಟರು. 106 ಜನ, ಪ್ರವೇಶ ಶುಲ್ಕ 100 ಡಾಲರ್. ಮುಂದಿನ ವರ್ಷ ಬಿ.ಎ.ಎಸ್.ಎಸ್. ಸಂಸ್ಥೆ ಶುರುವಾಯ್ತು. ಹವ್ಯಾಸಕ್ಕೆ ಬಹುಮಾನ ಬಂತು, ಬಹುಮಾನದ ಹಿಂದೆ ದೋಣಿ, ರಾಡ್, ಹುಳ ಮಾರೋ ಕಂಪನಿಗಳು ಬಂದ್ವು.

1972ರಲ್ಲಿ ಇದೇ ಸ್ಕಾಟ್ "ಹಿಡಿದ ಮೀನನ್ನ ಕೊಲ್ಲಬೇಡಿ" ಅನ್ನೋ ಅಭಿಯಾನಾನೂ ಶುರುಮಾಡಿದ್ರು. ಪಂದ್ಯದಲ್ಲಿ ತೂಗಿದ ಮೀನು ಜೀವಂತ ವಾಪಸ್ ಹೋಗಬೇಕು. ಈ ಮಾತನ್ನ ನೆನಪಿಟ್ಕೊಳ್ಳಿ, ಆರನೇ ಭಾಗದಲ್ಲಿ ಬೇಕಾಗುತ್ತೆ.

ಅಲ್ಲಿಂದ ಮುಂದೆ ಎರಡು ದಶಕ ಹುಳಗಳು ಅಲಂಕಾರ ಮಾಡ್ಕೊಂಡ್ವು. ಸುರುಳಿ ಬಾಲ, ಮಿಂಚಿನ ಪುಡಿ, ನೂರು ಬಣ್ಣ. ಆಮೇಲೆ 1980ರ ದಶಕದ ಕೊನೆಯಲ್ಲಿ ಕನೆಕ್ಟಿಕಟ್‌ನ ಹರ್ಬ್ ರೀಡ್ ಅವರ ಸ್ಲಗ್-ಗೋ ಬಂತು. ಬಾಲ ಇಲ್ಲದ ಉದ್ದನೆ ಮೈ. ದಾರ ಜಗ್ಗಿದ್ರೆ ಗಾಯವಾದ ಮೀನಿನ ಥರ ಅತ್ತಿತ್ತ ಓಡುತ್ತೆ. ಅಲಂಕಾರ ಕಳಚೋಕೆ ಶುರುವಾಗಿದ್ದು ಇಲ್ಲಿ. ಆದ್ರೂ ಒಂದು ಷರತ್ತು ಇತ್ತು: ಜಗ್ಗೋ ಕೈ ಬೇಕಿತ್ತು.

(5/8)
ಆ ಕೈಯೂ ಬೇಡ ಅಂದಿದ್ದು ಗ್ಯಾರಿ ಯಮಮೊಟೊ. ಅರಿಜೋನಾದ ಪೇಜ್ ಅನ್ನೋ ಊರಲ್ಲಿ, ಲೇಕ್ ಪೊವೆಲ್ ಪಕ್ಕ, ಅವರ ಹುಳದ ಕಾರ್ಖಾನೆ. 1990ರ ದಶಕದಲ್ಲಿ ಅಲ್ಲಿಂದ ಹೊರಬಂದಿದ್ದು ಸೆಂಕೊ. ಆಕಾರಕ್ಕೆ ಸ್ಫೂರ್ತಿ ಬಿಕ್ ಪೆನ್ನು ಅಂತ ಹೇಳ್ತಾರೆ. ನೋಡಿದ್ರೆ ನಂಬೋ ಹಾಗೇ ಇದೆ.

ಗುಟ್ಟು ಇರೋದು ಉಪ್ಪಲ್ಲಿ. ಮೆತ್ತನೆ ಪ್ಲಾಸ್ಟಿಕ್‌ಗೆ ಸಿಕ್ಕಾಪಟ್ಟೆ ಉಪ್ಪು ಬೆರೆಸ್ತಾರೆ. ಉಪ್ಪು ಪ್ಲಾಸ್ಟಿಕ್‌ಗಿಂತ ಭಾರ, ಹಾಗಾಗಿ ಸೀಸದ ಗುಂಡು ಇಲ್ಲದೇನೇ ಹುಳ ದೂರಕ್ಕೆ ಹೋಗಿ ಬೀಳುತ್ತೆ, ತಾನಾಗೇ ಮುಳುಗುತ್ತೆ. ಅಡ್ಡಡ್ಡ ಮಲಗಿದ ಹಾಗೆ ಇಳಿಯುವಾಗ ಎರಡೂ ತುದಿ ಸಣ್ಣಗೆ ನಡುಗುತ್ತೆ. ಮೇಲಿರೋರು ಏನೂ ಮಾಡಬೇಕಿಲ್ಲ.

ಇನ್ನೊಂದು ವಿಧಾನ ವ್ಯಾಕಿ ರಿಗ್. ಹುಳದ ನಡುಮಧ್ಯಕ್ಕೆ ಕೊಕ್ಕೆ ಚುಚ್ಚೋದು. ನೋಡೋಕೆ ಗೊತ್ತಿಲ್ಲದೋರು ಸಿಕ್ಕಿಸಿದ ಹಾಗಿರುತ್ತೆ. ಆದ್ರೆ ಇಳಿಯುವಾಗ ಎರಡೂ ಕಡೆ ರೆಕ್ಕೆ ಬಡಿದ ಹಾಗೆ ಬಳುಕುತ್ತೆ.

ಬ್ಯಾಸ್ ಯಾಕೆ ಕಚ್ಚುತ್ತೆ? ಹೆದರಿಸೋ ಸದ್ದಿಲ್ಲ, ಹೊಳಪಿಲ್ಲ, ಓಡಿ ಹೋಗೋ ಲಕ್ಷಣ ಇಲ್ಲ. ಕಷ್ಟಪಡದೆ ಬಾಯಿಗೆ ಬಂದ ತುತ್ತು. ದಿನಾ ಹತ್ತಾರು ಹೊಳೆಯೋ ಗಾಳ ನೋಡಿ ಹುಷಾರಾಗಿರೋ ಮೀನೂ ಇದಕ್ಕೆ ಮೋಸ ಹೋಗುತ್ತೆ.

(6/8)
ಈಗ ಜಗಳಕ್ಕೆ ಬರೋಣ.

ಮೊದಲ ತಕರಾರು: ಕೌಶಲ ಎಲ್ಲಿ? ಹತ್ತು ವರ್ಷದ ಮಗು ಎಸೆದು ಸುಮ್ಮನೆ ಕೂತ್ರೂ ಮೀನು ಬೀಳುತ್ತೆ ಅಂತ ಹಳಬರಿಗೆ ಸಿಟ್ಟು. ಹೊಸಬರ ಉತ್ತರ: ಮಗುವಿಗೆ ಮೊದಲ ಮೀನು ಸಿಗೋದು ತಪ್ಪಾ? ಅದೂ ಅಲ್ಲದೆ ಸುಮ್ಮನೆ ಕೂರೋದೇ ಕಷ್ಟದ ಕೆಲಸ. ದಾರ ಸಡಿಲ ಬಿಟ್ಟು, ಅದು ಸ್ವಲ್ಪ ಪಕ್ಕಕ್ಕೆ ಸರಿದಿದ್ದನ್ನ ಕಣ್ಣಲ್ಲೇ ಹಿಡೀಬೇಕು.

ಎರಡನೇ ತಕರಾರು: ದುಡ್ಡು. ಹತ್ತು ಸೆಂಕೊ ಇರೋ ಪ್ಯಾಕೆಟ್‌ಗೆ ಸುಮಾರು 7-8 ಡಾಲರ್. ನಮ್ಮ ಲೆಕ್ಕದಲ್ಲಿ ಒಂದು ಹುಳಕ್ಕೆ 60 ರೂಪಾಯಿಗೂ ಜಾಸ್ತಿ. ಉಪ್ಪು ತುಂಬಿದ ಮೆತ್ತನೆ ಮೈ ಒಂದೆರಡು ಮೀನಿಗೇ ಹರಿದು ಹೋಗುತ್ತೆ. ವ್ಯಾಪಾರದ ಕಣ್ಣಲ್ಲಿ ನೋಡಿದ್ರೆ ಇದು ರೇಜರ್ ಬ್ಲೇಡ್ ಥರ. ಚೆನ್ನಾಗಿ ಕೆಲಸ ಮಾಡಿದಷ್ಟೂ ಬೇಗ ಖಾಲಿ, ಖಾಲಿ ಆದಷ್ಟೂ ಮಾರಾಟ. ಯಮ್ ಡಿಂಗರ್, ಸ್ಟ್ರೈಕ್ ಕಿಂಗ್ ಓಚೊ, ಬರ್ಕ್ಲಿ ಜನರಲ್ ಅಂತ ಪೈಪೋಟಿ ಹುಳಗಳು ಸಾಲಾಗಿ ಬಂದ್ವು. "ಅರ್ಧ ದುಡ್ಡಿಗೆ ಅಷ್ಟೇ ಮೀನು" ಅನ್ನೋರು ಒಂದು ಕಡೆ. "ಆ ನಡುಕ ಬೇರೆಯವುಕ್ಕೆ ಬರಲ್ಲ" ಅನ್ನೋರು ಇನ್ನೊಂದು ಕಡೆ. ಮಧ್ಯದವರು ಹುಳದ ಸೊಂಟಕ್ಕೆ ಚಿಕ್ಕ ರಬ್ಬರ್ ಉಂಗುರ ಹಾಕಿ, ಅದರೊಳಗೆ ಕೊಕ್ಕೆ ತೂರಿಸಿ ಹರಿಯೋದನ್ನ ತಡೆದ್ರು.

ಮೂರನೇದು ಗಂಭೀರ. ಸಡಿಲ ದಾರದಲ್ಲಿ ಕಚ್ಚಿದ್ದು ತಡವಾಗಿ ಗೊತ್ತಾದ್ರೆ, ಮೀನು ಅಷ್ಟರಲ್ಲಿ ಹುಳವನ್ನ ಗಂಟಲಿನ ಕೆಳಗೆ ಇಳಿಸಿರುತ್ತೆ. ಕೊಕ್ಕೆ ಆಳಕ್ಕೆ ನಾಟಿದ ಮೀನನ್ನ ನೀರಿಗೆ ಬಿಟ್ರೂ ಅದು ಬದುಕೋ ಸಾಧ್ಯತೆ ಕಡಿಮೆ. "ಹಿಡಿ, ಬಿಡು" ಅನ್ನೋ 1972ರ ಮಾತು ಇಲ್ಲಿ ಎಡವುತ್ತೆ.

(7/8)
ನಾಲ್ಕನೇ ತಕರಾರು ಕಣ್ಣಿಗೆ ಕಾಣಲ್ಲ. ಹರಿದ ಹುಳ ಎಲ್ಲಿಗೆ ಹೋಗುತ್ತೆ? ಕೆರೆಯ ತಳಕ್ಕೆ. ನೀರಲ್ಲಿ ಊದಿಕೊಳ್ಳುತ್ತೆ, ಕರಗಲ್ಲ. ಮೀನು ಅದನ್ನ ಮತ್ತೆ ನುಂಗಬಹುದು. ಪ್ರಯೋಗಾಲಯದಲ್ಲಿ ಬ್ರೂಕ್ ಟ್ರೌಟ್ ಮೀನುಗಳ ಮುಂದೆ ಇಂಥ ಹುಳ ಹಾಕಿದಾಗ ತಾವಾಗೇ ನುಂಗಿದ್ವು, ನುಂಗಿದವು ತೂಕ ಕಳ್ಕೊಂಡ್ವು ಅಂತ 2009ರಲ್ಲಿ ಒಂದು ಅಧ್ಯಯನ ಬಂತು.

2013ರಲ್ಲಿ ಮೇನ್ ರಾಜ್ಯದ ಶಾಸನಸಭೆಗೆ ಇಂಥ ಹುಳಗಳನ್ನ ನಿಷೇಧಿಸೋ ಮಸೂದೆಯೇ ಬಂತು. ಮೀನು ಹಿಡಿಯೋರು ರೊಚ್ಚಿಗೆದ್ದರು. ಇಲಾಖೆ ವರದಿ ಮಾಡಿ, ನಿಷೇಧ ಬೇಡ, ಜನಕ್ಕೆ ತಿಳಿಹೇಳೋಣ ಅಂದಿತು. ಕೆನಡಾದ ಚಾರ್ಲ್ಸ್ಟನ್ ಲೇಕ್‌ನಲ್ಲಿ ಇನ್ನೊಂದು ತಮಾಷೆ. ಮೀನಿನ ಹೊಟ್ಟೇಲಿ ಹುಳ ಸಿಕ್ಕಿದ್ದು ಎಷ್ಟು ಅಂತ ಜನರನ್ನ ಕೇಳಿದಾಗ ಬಂದ ಲೆಕ್ಕ ದೊಡ್ಡದು, ಸಂಶೋಧಕರು ಮೀನು ಹಿಡಿದು ನೋಡಿದಾಗ ಸಿಕ್ಕಿದ್ದು ಅದಕ್ಕಿಂತ ತುಂಬಾ ಕಡಿಮೆ. ಅಭಿಪ್ರಾಯ ಬೇರೆ, ಅಳತೆ ಬೇರೆ.

ಬ್ಯಾಸ್ ಹೊರಗಿಂದ ಬಂದ ಮೀನಾಗಿರೋ ಜಪಾನ್‌ನಲ್ಲಿ ಕವಾಗುಚಿ ಸರೋವರದವರು ಮಾತ್ರ 2000ರ ದಶಕದಲ್ಲೇ ಮೆತ್ತನೆ ಹುಳ ಬೇಡ ಅಂದುಬಿಟ್ಟರು.

ಅಮೆರಿಕದ ಉದ್ಯಮ "ಪಿಚ್ ಇಟ್" ಅಂತ ಅಭಿಯಾನ ಮಾಡಿತು: ಹರಿದಿದ್ದನ್ನ ನೀರಿಗಲ್ಲ, ಕಸದ ಡಬ್ಬಿಗೆ ಹಾಕಿ. ಬಿ.ಎ.ಎಸ್.ಎಸ್. ಕ್ಲಬ್ಬುಗಳು "ರೀಬೇಟ್ಸ್" ಹೆಸರಲ್ಲಿ ಹಳೇ ಹುಳ ಕೂಡಿಸಿ ಮತ್ತೆ ಕರಗಿಸೋಕೆ ಕೊಟ್ವು. ಝೀ-ಮ್ಯಾನ್ ಕಂಪನಿ ಇಲಾಸ್‌ಟೆಕ್ ಅನ್ನೋ ಬೇರೆ ವಸ್ತುವಿನಲ್ಲಿ, ಎಳೆದ್ರೂ ಸುಲಭಕ್ಕೆ ಹರಿಯದ ಹುಳ ಮಾಡಿತು. ಆದ್ರೆ ಅದು ತೇಲೋ ಸ್ವಭಾವದ್ದು, ಸೆಂಕೊ ಥರ ನಡುಗಿ ಮುಳುಗಲ್ಲ. ಕ್ಯಾನ್ಸಸ್‌ನ ನೆಡ್ ಕೇಡಿ ಮತ್ತು ಗೆಳೆಯರು ಇಂಥ ಗಟ್ಟಿ ಹುಳವನ್ನ ಅರ್ಧ ಕತ್ತರಿಸಿ, ತಲೆಗೆ ಚಿಕ್ಕ ಭಾರ ಸಿಕ್ಕಿಸಿ ಬಳಸಿದ್ರು. ಅದೇ ಇವತ್ತಿನ ನೆಡ್ ರಿಗ್. ಒಂದೇ ಹುಳ, ಹತ್ತಾರು ಮೀನು.

(8/8)
ಬಿಕಾಂನಲ್ಲಿ ನಮಗೆ ಹೇಳಿಕೊಡ್ತಾರಲ್ಲ, ವಸ್ತುವಿನ ಬೆಲೆ ಒಂದು, ಅದರ ವೆಚ್ಚ ಇನ್ನೊಂದು. ಸೆಂಕೊ ಬೆಲೆ ಪ್ಯಾಕೆಟ್ ಮೇಲಿದೆ. ಕೆರೆ ತಳದ ವೆಚ್ಚ ಯಾರ ಬಿಲ್ಲಲ್ಲೂ ಇಲ್ಲ. ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಎಲ್ಲರೂ ಹುಡುಕಿದ್ದು "ಇನ್ನೂ ಮೆತ್ತಗೆ ಮಾಡೋದು ಹೇಗೆ" ಅಂತ. ಮೆತ್ತಗಾದಷ್ಟೂ ಮೀನು ಬಂತು, ಮೆತ್ತಗಾದಷ್ಟೂ ಚೂರು ನೀರಲ್ಲಿ ಉಳೀತು. ಎರಡೂ ಒಂದೇ ಗುಣದ ಫಲ.

ಹಾಗಾಗಿ ನನಗೆ ಅನ್ನಿಸೋದು ಇಷ್ಟು: ಈ ಹುಳ ಮೋಸ ಅಲ್ಲ, ಪವಾಡಾನೂ ಅಲ್ಲ. ನಿಜವಾದ ಕೌಶಲದ ಪ್ರಶ್ನೆ ಮೀನು ಬಿದ್ದ ಮೇಲೆ ಶುರುವಾಗುತ್ತೆ. ದಾರ ಸರಿದಿದ್ದು ಸರಿಯಾದ ಹೊತ್ತಿಗೆ ಕಂಡಿತಾ? ಮೀನು ಬದುಕೋ ಹಾಗೆ ಬಿಟ್ರಾ? ಹರಿದ ಚೂರು ಜೇಬಿಗೆ ಬಂತಾ, ನೀರಲ್ಲೇ ಉಳೀತಾ? ಏನೂ ಮಾಡದ ಹುಳ ಇಟ್ಕೊಂಡೋರಿಗೆ ಮಾಡೋಕೆ ಉಳಿದಿರೋ ಕೆಲಸ ಇವೇ.

ನೀವು ಹೇಳಿ: ಬೇಗ ಹರಿಯೋ ಹುಳದಲ್ಲಿ ಹೆಚ್ಚು ಮೀನಾ, ಗಟ್ಟಿ ಹುಳದಲ್ಲಿ ಸ್ವಲ್ಪ ಕಡಿಮೆಯಾ? ಕಾಮೆಂಟಲ್ಲಿ ಜಗಳ ಆಡೋಣ 🎣

#ಕನ್ನಡ #ಚಿಕ್ಕವಸ್ತುದೊಡ್ಡಚರಿತ್ರೆ #ಗಾಳ #ಪ್ಲಾಸ್ಟಿಕ್‌ಹುಳ