ರೈಫಲಿನ ಬಾಯಿಯ ಸಾಧನಗಳು: ಸಿಡಿತದ ದಿಕ್ಕು ಮತ್ತು ಸೈನಿಕನ ಕಿವಿ

ಆಯುಧಗಳ ಇತಿಹಾಸವನ್ನು ಬರೆದವರು ಬಂದೂಕಿನ ದೂರ, ವೇಗ, ಗುರಿಯ ನಿಖರತೆ ಇವುಗಳನ್ನು ಕುರಿತು ವಿಸ್ತಾರವಾಗಿ ಹೇಳಿದ್ದಾರೆ. ಅದನ್ನು ಹೆಗಲಿಗಾನಿಸಿ ಹೊಡೆದವನ ಕಿವಿಗೆ ಏನಾಯಿತೆಂಬುದನ್ನು ವಿಚಾರಿಸಿದವರು ವಿರಳ. ಆದರೆ ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಸಾಕ್ಷ್ಯವೊಂದು ಬಂದೂಕಿನ ಮೇಲೆಯೇ ಇದೆ. ನಳಿಗೆಯ ತುದಿಗೆ ಜೋಡಿಸುವ, ಕೆಲವೇ ಅಂಗುಲಗಳ ಉಕ್ಕಿನ ಸಾಧನವೇ ಅದು. ಈ ಸಾಧನವು ಕಾಲಕಾಲಕ್ಕೆ ತಾಳಿದ ರೂಪಗಳನ್ನು ಪರಿಶೀಲಿಸಿದರೆ, ಸೈನ್ಯಗಳು ಯಾವುದನ್ನು ಮುಖ್ಯವೆಂದು ಬಗೆದವು, ಯಾವುದನ್ನು ಲೆಕ್ಕದಿಂದ ಹೊರಗಿಟ್ಟವು ಎಂಬುದು ತಿಳಿದುಬರುತ್ತದೆ. ಇದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಇದರ ಹಿಂದಿರುವ ಭೌತಿಕ ತತ್ತ್ವವನ್ನು ಸಂಕ್ಷೇಪವಾಗಿ ತಿಳಿಯಬೇಕು. ಗುಂಡು ನಳಿಗೆಯ ಬಾಯಿಯನ್ನು ಬಿಟ್ಟೊಡನೆ, ಅದನ್ನು ತಳ್ಳಿಕೊಂಡು ಬಂದ ಬಿಸಿ ಅನಿಲವು ಮಹಾವೇಗದಿಂದ ಹೊರನುಗ್ಗಿ ಸುತ್ತಲಿನ ಗಾಳಿಯಲ್ಲಿ ಆಘಾತದ ಅಲೆಯನ್ನೆಬ್ಬಿಸುತ್ತದೆ. ಹೊಡೆಯುವವನ ಕಿವಿಗೆ ತಾಗುವ ಸದ್ದಿನ ಮುಖ್ಯ ಭಾಗ ಇದೇ. ಈ ಅನಿಲದ ಓಟವನ್ನು ತಡೆದು ತಿರುಗಿಸಿದರೆ ಅದರ ಬಲವನ್ನು ಕೆಲಸಕ್ಕೆ ಹಚ್ಚಬಹುದು. ಹಿಂದಕ್ಕೂ ಪಕ್ಕಕ್ಕೂ ತಿರುಗಿಸಿದರೆ ಬಂದೂಕಿನ ಒದೆತ ತಗ್ಗುತ್ತದೆ. ಮೇಲಕ್ಕೆ ಬಿಟ್ಟರೆ ನಳಿಗೆ ಮೇಲೇಳುವುದಿಲ್ಲ. ನೇರವಾಗಿ ಮುಂದಕ್ಕೆ ಕಳುಹಿಸಿದರೆ ಹೊಡೆಯುವವನ ಕಿವಿಗೂ ಅವನ ಪಕ್ಕದವನಿಗೂ ಆಘಾತ ಕಡಮೆಯಾಗುತ್ತದೆ. ಆದರೆ ಒಂದೇ ಅನಿಲದಿಂದ ಈ ಮೂರು ಪ್ರಯೋಜನಗಳನ್ನೂ ಪೂರ್ಣವಾಗಿ ಪಡೆಯಲು ಸಾಧ್ಯವಿಲ್ಲ. ಒದೆತವನ್ನು ತಗ್ಗಿಸುವ ಸಾಧನವು ಕಿವಿಗೆ ಹೆಚ್ಚು ಹಾನಿಯನ್ನೇ ತರುತ್ತದೆ. ಕಿವಿಯನ್ನು ಕಾಯುವ ಮುಂದಾಳಿಕೆಯ ಕೊಳವೆಯು ಒದೆತಕ್ಕೆ ಏನೂ ಪರಿಹಾರ ಕೊಡದು. ಆದುದರಿಂದ ಪ್ರತಿಯೊಂದು ಸಾಧನವೂ ಒಂದು ಆಯ್ಕೆಯ ದಾಖಲೆಯಾಗಿದೆ.

ಮೊದಲ ಆಯ್ಕೆಯು ಆಯುಧದ ಸ್ಥಿರತೆಯ ಪರವಾಗಿ ಆಯಿತು. ೧೮೪೨ರಲ್ಲಿ ಫ್ರಾನ್ಸಿನ ಸೇನಾಧಿಕಾರಿ ತ್ರೆಯಿ ದ ಬೋಲಿಯು ಎಂಬಾತನು ಫಿರಂಗಿಯ ಬಾಯಿಯ ಬಳಿ ಹಿಂದಕ್ಕೆ ಓರೆಯಾದ ರಂಧ್ರಗಳನ್ನು ಕೊರೆದು ಒದೆತವನ್ನು ತಗ್ಗಿಸುವ ಉಪಾಯವನ್ನು ಸೂಚಿಸಿದನು. ಇಂದು ಮಜಲ್ ಬ್ರೇಕ್ ಎಂದು ಕರೆಯುವ ಸಾಧನದ ಮೂಲ ಇಲ್ಲಿದೆ. ೧೮೮೪ರಲ್ಲಿ ಪಾಲ್ ವಿಯೆ ಎಂಬ ಫ್ರೆಂಚ್ ರಸಾಯನಜ್ಞನು ಹೊಗೆರಹಿತ ಮದ್ದನ್ನು ಸಿದ್ಧಪಡಿಸಿದ ಮೇಲೆ ರೈಫಲುಗಳ ಒತ್ತಡವೂ ಗುಂಡಿನ ವೇಗವೂ ಏರಿದುವು. ಯುದ್ಧರಂಗದಲ್ಲಿ ಹೊಗೆ ಕಡಮೆಯಾಯಿತು, ಸದ್ದು ಕಡಮೆಯಾಗಲಿಲ್ಲ.

ಸದ್ದನ್ನೇ ಸಮಸ್ಯೆಯೆಂದು ಎತ್ತಿಕೊಂಡು ಮಾರುಕಟ್ಟೆಯಲ್ಲಿ ಮೊದಲು ಯಶಸ್ಸು ಪಡೆದವನು ಅಮೆರಿಕದ ಹೈರಮ್ ಪರ್ಸಿ ಮ್ಯಾಕ್ಸಿಮ್. ೧೮೮೪ರ ಪ್ರಸಿದ್ಧ ಮೆಷಿನ್ ಗನ್ನಿನ ಜನಕ ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್ ಇವನ ತಂದೆ. ತನ್ನ ಬಂದೂಕುಗಳ ಸದ್ದಿನ ನಡುವೆಯೇ ಬಾಳಿದ ಆ ತಂದೆ ಮುಪ್ಪಿನಲ್ಲಿ ಕಿವುಡನಾಗಿದ್ದನು. ಮಗನು ೧೯೦೯ರಲ್ಲಿ ಸೈಲೆನ್ಸರಿಗೆ ಪೇಟೆಂಟ್ ಪಡೆದನು. ಇದು ಅನಿಲವನ್ನು ಬರಿದೆ ತಿರುಗಿಸುವ ಸಾಧನವಲ್ಲ. ಅದನ್ನು ಕೋಣೆಗಳಲ್ಲಿ ಸುಳಿದಾಡಿಸಿ, ತಣಿಸಿ, ನಿಧಾನವಾಗಿ ಹೊರಬಿಡುವಂಥದು. ಆದರೂ ಅದಕ್ಕೊಂದು ಮಿತಿಯುಂಟು. ಶಬ್ದದ ವೇಗ ಸೆಕೆಂಡಿಗೆ ಸುಮಾರು ೩೪೦ ಮೀಟರು, ಅಂದಿನ ೦.೩೦೩ ಅಂಗುಲದ ಬ್ರಿಟಿಷ್ ಗುಂಡಿನ ವೇಗ ಸುಮಾರು ೭೪೦ ಮೀಟರು. ಇಂತಹ ಗುಂಡು ಗಾಳಿಯನ್ನು ಸೀಳುವಾಗ ಹುಟ್ಟುವ ಛಟಾರವನ್ನು ಬಾಯಿಯ ಯಾವ ಸಾಧನವೂ ಅಡಗಿಸಲಾರದು. ಇದಲ್ಲದೆ ಸದ್ದಿಲ್ಲದ ಬಂದೂಕು ಪಾತಕಿಗಳಿಗೆ ಒದಗೀತೆಂಬ ಭಯವೂ ಬೆಳೆಯಿತು. ೧೯೩೪ರ ಅಮೆರಿಕದ ಶಾಸನವು ಪ್ರತಿಯೊಂದು ಸೈಲೆನ್ಸರಿನ ಮೇಲೆ ೨೦೦ ಡಾಲರುಗಳ ತೆರಿಗೆಯನ್ನು ಹೇರಿತು. ಅಂದಿನ ಕಾಲಕ್ಕೆ ಇದು ನಿಷೇಧಕ್ಕೆ ಸಮೀಪವಾದ ಮೊತ್ತ. ಫಿನ್ಲೆಂಡ್, ನಾರ್ವೆ ದೇಶಗಳಲ್ಲಾದರೋ ಬೇಟೆಗಾರರು ಇದೇ ಸಾಧನವನ್ನು ಕಿವಿಯ ರಕ್ಷಣೆಗೆಂದು ಸಾಮಾನ್ಯವಾಗಿ ಬಳಸುತ್ತ ಬಂದಿದ್ದಾರೆ. ಒಂದೇ ವಸ್ತು ಒಂದು ಸಮಾಜದಲ್ಲಿ ಪಾತಕದ ಉಪಕರಣವಾಗಿಯೂ ಇನ್ನೊಂದರಲ್ಲಿ ಸೌಜನ್ಯದ ಉಪಕರಣವಾಗಿಯೂ ಕಂಡಿತೆಂಬುದು ಗಮನಾರ್ಹ.

ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಸೈನ್ಯಗಳ ಆಸಕ್ತಿ ಬೇರೆ ಕಡೆಗಿತ್ತು. ಅಮೆರಿಕದ ಮೆರೀನ್ ಪಡೆಯ ಅಧಿಕಾರಿ ರಿಚರ್ಡ್ ಕಟ್ಸ್ ರೂಪಿಸಿದ ಕಾಂಪೆನ್ಸೇಟರು ಅನಿಲವನ್ನು ಮೇಲಿನ ಸೀಳುಗಳಿಂದ ಬಿಟ್ಟು ನಳಿಗೆಯನ್ನು ಕೆಳಕ್ಕೆ ಒತ್ತುತ್ತಿತ್ತು. ೧೯೨೮ರ ಮಾದರಿಯ ಥಾಂಪ್ಸನ್ ಬಂದೂಕಿನಲ್ಲಿ ಇದನ್ನು ಕಾಣಬಹುದು. ೧೯೩೭ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದ ಬಾಯ್ಸ್ ಟ್ಯಾಂಕುನಿರೋಧಕ ರೈಫಲಿನ ತುದಿಯಲ್ಲಿ ಮಜಲ್ ಬ್ರೇಕ್ ಇತ್ತು. ಸುಮಾರು ೧೬ ಕಿಲೋಗ್ರಾಂ ತೂಗುವ ಆ ಆಯುಧದ ಒದೆತವನ್ನು ಹೆಗಲು ತಡೆದುಕೊಳ್ಳುವಂತೆ ಮಾಡಲು ಸಿಡಿತವನ್ನು ಪಕ್ಕಕ್ಕೆ ತಿರುಗಿಸಲಾಯಿತು. ಹೆಗಲು ಉಳಿಯಿತು, ಬೆಲೆಯನ್ನು ಕಿವಿ ತೆತ್ತಿತು.

೧೯೪೪ರಲ್ಲಿ ಬ್ರಿಟಿಷರು ಅಂಗೀಕರಿಸಿದ ಐದನೆಯ ಸಂಖ್ಯೆಯ ಲೀ-ಎನ್‌ಫೀಲ್ಡ್ ರೈಫಲ್ ನಮಗೆ ಇನ್ನಷ್ಟು ಸಮೀಪದ ಉದಾಹರಣೆ. ಅದು 'ಜಂಗಲ್ ಕಾರ್ಬೈನ್' ಎಂದೇ ಪ್ರಸಿದ್ಧವಾಯಿತು. ಬರ್ಮಾದಲ್ಲಿ ಹೋರಾಡುತ್ತಿದ್ದ ೧೪ನೆಯ ಸೈನ್ಯದಲ್ಲಿ ಭಾರತೀಯರೇ ಬಹುಸಂಖ್ಯಾತರು. ಅಂತಹ ದಟ್ಟಕಾಡುಗಳಲ್ಲಿ ಉದ್ದನೆಯ ರೈಫಲ್ ತೊಡಕಾಗುತ್ತಿತ್ತು. ಹೊಸ ರೈಫಲಿನಲ್ಲಿ ಸುಮಾರು ೬೪೦ ಮಿಲಿಮೀಟರಿನ ನಳಿಗೆಯನ್ನು ಸುಮಾರು ೪೭೮ಕ್ಕೆ ಮೊಟಕುಗೊಳಿಸಿದರು. ನಳಿಗೆ ಗಿಡ್ಡವಾದಷ್ಟೂ ಬಾಯಿಯಲ್ಲಿ ಉಳಿಯುವ ಒತ್ತಡ ಹೆಚ್ಚು; ಆದುದರಿಂದ ಜ್ವಾಲೆಯೂ ಸದ್ದೂ ಹೆಚ್ಚಿದುವು. ಇದಕ್ಕೆ ಪರಿಹಾರವಾಗಿ ತುದಿಯಲ್ಲಿ ಆಲಿಕೆಯ ಆಕಾರದ ಫ್ಲ್ಯಾಷ್ ಹೈಡರನ್ನು ಕೂಡಿಸಿದರು. ಇದು ಜ್ವಾಲೆಯನ್ನು ಮರೆಮಾಡಲೆಂದು ಮಾಡಿದ್ದೇ ಹೊರತು ಕಿವಿಗಾಗಿ ಮಾಡಿದ್ದಲ್ಲ. ಕತ್ತಲಲ್ಲಿ ಮಿಂಚಿದ ಜ್ವಾಲೆಯು ಸೈನಿಕನ ಇರುವನ್ನು ಶತ್ರುವಿಗೆ ತಿಳಿಸಿ ಒಡನೆಯೇ ಪ್ರಾಣ ತೆಗೆಯಬಹುದು. ಕಿವುಡು ವರ್ಷಗಳ ಅನಂತರ ಬರುವಂಥದು. ಯುದ್ಧಕಾಲದ ಲೆಕ್ಕವು ಮೊದಲನೆಯದನ್ನು ಎಣಿಸಿ ಎರಡನೆಯದನ್ನು ಬಿಟ್ಟುದರಲ್ಲಿ ಆಶ್ಚರ್ಯವಿಲ್ಲ.

ಶಾಂತಿಕಾಲದಲ್ಲಿಯೂ ಈ ಲೆಕ್ಕ ಬೇಗನೆ ಬದಲಾಗಲಿಲ್ಲವೆಂಬುದು ಹೆಚ್ಚು ವಿಚಾರಾರ್ಹ. ೧೯೫೯ರ ಸೋವಿಯೆತ್ ಎಕೆಎಂ ರೈಫಲಿನ ಓರೆಗತ್ತರಿಸಿದ ತುದಿ, ೧೯೭೪ರ ಎಕೆ-೭೪ರ ಎರಡು ಕೋಣೆಗಳ ಬ್ರೇಕ್ ಇವೆಲ್ಲ ಗುರಿಯ ಸ್ಥಿರತೆಗಾಗಿ ಹುಟ್ಟಿದವು. ಎರಡನೆಯದು ಒದೆತವನ್ನು ಚೆನ್ನಾಗಿ ತಗ್ಗಿಸಿತಾದರೂ ಪಕ್ಕದಲ್ಲಿ ಮಲಗಿದ ಸಂಗಾತಿಗೆ ಅದರ ಸಿಡಿತ ಅಸಹನೀಯವಾಯಿತು. ಕಿವಿಯ ರಕ್ಷಣೆಯನ್ನು ಆಯುಧದಿಂದ ಬೇರ್ಪಡಿಸಿ ವ್ಯಕ್ತಿಗೆ ಬಿಟ್ಟಿದ್ದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಫಿರಂಗಿದಳದವರು ಬಳಸಿದ ಮ್ಯಾಲಕ್-ಆರ್ಮ್‌ಸ್ಟ್ರಾಂಗ್ ಕಿವಿಬಿರಡೆಗಳು ಇದಕ್ಕೆ ನಿದರ್ಶನ. ಆದರೆ ಬಿರಡೆ ಹಾಕಿಕೊಂಡ ಸೈನಿಕನಿಗೆ ಆಜ್ಞೆಯೂ ಕೇಳದು, ಶತ್ರುವಿನ ಹೆಜ್ಜೆಯ ಸಪ್ಪಳವೂ ಕೇಳದು.

ಅಳತೆಯ ಯುಗ ಬಂದ ಮೇಲೆಯೇ ಕಿವಿಗೆ ದಾಖಲೆಗಳಲ್ಲಿ ಸ್ಥಾನ ದೊರೆಯಿತು. ೧೯೬೮ರಲ್ಲಿ ಅಮೆರಿಕದ ತಜ್ಞಸಮಿತಿಯೊಂದು ಬಂದೂಕಿನ ಸದ್ದಿಗೆ ಅಪಾಯದ ಮಿತಿಯನ್ನು ಸೂಚಿಸಿತು. ೧೯೭೩ರಲ್ಲಿ ಆ ದೇಶದ ಸೈನ್ಯವು ಶಬ್ದಮಾನದಂಡವೊಂದನ್ನು ಹೊರಡಿಸಿತು. ಕ್ಷಣಿಕ ಸದ್ದಿಗೆ ೧೪೦ ಡೆಸಿಬೆಲ್ ಎಂಬ ಮಿತಿ ರೂಢಿಗೆ ಬಂದಿತು. ರೈಫಲ್ ಹೊಡೆಯುವವನ ಕಿವಿಯ ಬಳಿ ೧೬೦ ಡೆಸಿಬೆಲಿನ ಆಸುಪಾಸಿನ ಸದ್ದು ಸಾಮಾನ್ಯ. ಡೆಸಿಬೆಲಿನ ಎಣಿಕೆಯಲ್ಲಿ ೨೦ ಅಂಶಗಳ ಏರಿಕೆಯೆಂದರೆ ಒತ್ತಡವು ಹತ್ತುಪಟ್ಟಾಯಿತೆಂದು ಅರ್ಥ. ಅಮೆರಿಕದ ನಿವೃತ್ತ ಸೈನಿಕರು ಪರಿಹಾರ ಪಡೆಯುವ ಅಂಗಹಾನಿಗಳ ಪಟ್ಟಿಯಲ್ಲಿ ಕಿವಿಮೊರೆತವೂ ಶ್ರವಣದೋಷವೂ ಅಗ್ರಸ್ಥಾನಗಳಲ್ಲಿವೆ. ಬಿಟ್ಟುಹೋಗಿದ್ದ ವೆಚ್ಚವು ಹೀಗೆ ಕೊನೆಗೆ ಬೊಕ್ಕಸದ ಲೆಕ್ಕಕ್ಕೇ ಬಂದಿತು.

ಸಿಡಿತವನ್ನು ಮುಂದಕ್ಕೆ ದೂಡುವ ಸರಳ ಕೊಳವೆಗಳು ಬಳಕೆಗೆ ಬಂದದ್ದು ಈ ಹಿನ್ನೆಲೆಯಲ್ಲಿ. ಮೋಟು ನಳಿಗೆಯ ರೈಫಲುಗಳ ಪ್ರಚಾರವೂ ಮಾಡಿನ ಕೆಳಗಣ ಗುರಿಯಂಗಳಗಳೂ ಅವುಗಳ ಅಗತ್ಯವನ್ನು ಹೆಚ್ಚಿಸಿದುವು. ಪಕ್ಕದಲ್ಲಿ ರಂಧ್ರಗಳಿಲ್ಲದೆ ಮುಂದಕ್ಕೆ ಮಾತ್ರ ತೆರೆದಿರುವ ಈ ಕೊಳವೆಯು ಸದ್ದನ್ನು ಕೊಲ್ಲುವುದಿಲ್ಲ. ಹಂಚಿಕೆಯನ್ನು ಬದಲಿಸುತ್ತದೆ ಅಷ್ಟೆ. ಹಿಂದಿರುವವನಿಗೆ ಕಡಮೆಯಾದುದು ಮುಂದಿರುವವನ ಪಾಲಿಗೆ ಹೆಚ್ಚುತ್ತದೆ. ಕಿವಿಬಿರಡೆಯ ಅಗತ್ಯವೂ ತಪ್ಪುವುದಿಲ್ಲ. ಸೈನ್ಯಗಳಾದರೋ ಮ್ಯಾಕ್ಸಿಮನ ದಾರಿಗೇ ಮರಳಿವೆ. ೨೦೨೦ರ ಸುಮಾರಿಗೆ ಅಮೆರಿಕದ ಮೆರೀನ್ ಪಡೆಯು ಪದಾತಿಗಳಿಗೆ ವ್ಯಾಪಕವಾಗಿ ಸೈಲೆನ್ಸರುಗಳನ್ನು ಹಂಚತೊಡಗಿತು. ೨೦೨೨ರಲ್ಲಿ ಆ ದೇಶದ ಭೂಸೈನ್ಯವು ಆಯ್ದ ಹೊಸ ರೈಫಲಿಗೆ ಅದು ಜೊತೆಯ ಅಂಗವೇ ಆಯಿತು. ಇಲ್ಲಿಯೂ ಶತ್ರುವಿಗೆ ನೆಲೆ ತಿಳಿಯದಿರಲಿ, ಆಜ್ಞೆಗಳು ಕೇಳುವಂತಾಗಲಿ ಎಂಬ ಯುದ್ಧೋಪಯೋಗದ ಕಾರಣಗಳು ಮುಂದಿವೆ. ಕಿವಿಯ ಹಿತವು ಅವುಗಳ ಜೊತೆಗೂಡಿ ಮನ್ನಣೆ ಪಡೆದಿದೆ.

ಈ ಸಮೀಕ್ಷೆಯಿಂದ ಇತಿಹಾಸದ ವಿದ್ಯಾರ್ಥಿಗೆ ದೊರೆಯುವ ತಿಳಿವು ಎರಡು ಬಗೆಯದು. ಅನಿಲವನ್ನು ತಿರುಗಿಸುವ ಕೌಶಲ ೧೮೪೨ರಷ್ಟು ಹಿಂದೆಯೇ ತಿಳಿದಿತ್ತು. ಅದನ್ನು ಮನುಷ್ಯನ ಕಿವಿಯಿಂದಾಚೆಗೆ ತಿರುಗಿಸಬೇಕೆಂಬ ನಿರ್ಧಾರಕ್ಕೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ತಡವಾದುದಕ್ಕೆ ಕಾರಣ ವಿದ್ಯೆಯ ಕೊರತೆಯಲ್ಲ, ಎಣಿಕೆಯ ಕೊರತೆ. ಎರಡನೆಯದಾಗಿ, ಕಿವುಡಾದ ಸಾಮಾನ್ಯ ಸೈನಿಕನು ತನ್ನ ನೋವನ್ನು ಬರೆದಿಡದೆ ಹೋದ ಕಡೆಯಲ್ಲಿಯೂ ಅವನ ಕೈಯ ಆಯುಧ ಉಳಿದಿದೆ. ವಸ್ತುಸಂಗ್ರಹಾಲಯದಲ್ಲಿ ಅದರ ತುದಿಯ ರಂಧ್ರಗಳು ಯಾವ ದಿಕ್ಕಿಗೆ ಮುಖಮಾಡಿವೆಯೆಂದು ನೋಡುವುದೂ ಒಂದು ದಾಖಲೆಯನ್ನು ಓದಿದಂತೆಯೇ ಸರಿ.