ಫ್ರಾನ್ಸಿನ ಹಳ್ಳಿಗಳ ಸೈಕಲ್ ಪ್ರವಾಸ: ಬೆಳೆದು ಬಂದ ಬಗೆ

ಫ್ರಾನ್ಸಿನ ಸೈಕಲ್ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು 1903ರಲ್ಲಿ ಆರಂಭವಾದ ಟೂರ್ ದ ಫ್ರಾನ್ಸ್ ಸ್ಪರ್ಧೆಯಿಂದ ಹೊರಟು ಅದರಲ್ಲಿಯೇ ಬರವಣಿಗೆಯನ್ನು ಮುಗಿಸಿದ್ದಾರೆ. ಇನ್ನೊಂದೆಡೆ, ಕಳೆದ ಎರಡು ದಶಕಗಳ ಪ್ರವಾಸೋದ್ಯಮದ ಪ್ರಚಾರ ಸಾಹಿತ್ಯವು ಹಳ್ಳಿಗಾಡಿನ ಸೈಕಲ್ ಸುತ್ತಾಟವನ್ನು 'ನಿಧಾನ ಪ್ರವಾಸ' ಎಂಬ ಹೆಸರಿನಲ್ಲಿ ಹೊಚ್ಚಹೊಸ ಕಲ್ಪನೆಯೆಂಬಂತೆ ಮುಂದಿಡುತ್ತಿದೆ. ಆ ಸ್ಪರ್ಧೆಗಿಂತ ಹಳೆಯದಾದ, ತನ್ನದೇ ಯಂತ್ರ, ನಕ್ಷೆ, ಪತ್ರಿಕೆ ಮತ್ತು ಶಿಸ್ತುಗಳನ್ನು ರೂಪಿಸಿಕೊಂಡ ಪರಂಪರೆಯೊಂದು ಈ ಎರಡು ನೋಟಗಳ ನಡುವೆ ಮರೆಯಾಗಿದೆ. ಫ್ರೆಂಚರು ಅದನ್ನು 'ಸಿಕ್ಲೊತೂರಿಸ್ಮ್' ಎನ್ನುತ್ತಾರೆ. ಗೆಲ್ಲುವುದಕ್ಕಲ್ಲದೆ ನೋಡುವುದಕ್ಕಾಗಿ, ತನ್ನ ಸಾಮಾನನ್ನು ತಾನೇ ಹೊತ್ತು, ದೂರದೂರಕ್ಕೆ ಸೈಕಲ್ ತುಳಿಯುವುದು ಎಂದು ಅದನ್ನು ವಿವರಿಸಬಹುದು. ಬೆಂಗಳೂರಿನ ಸವಾರರು ವಾರಾಂತ್ಯಗಳಲ್ಲಿ ಗಡುವಿನೊಳಗೆ ಪೂರೈಸುವ 200, 300, 400, 600 ಕಿಲೋಮೀಟರುಗಳ 'ಬ್ರೆವೆ' ಸವಾರಿಗಳೂ ಇದೇ ಮರದ ಒಂದು ಕೊಂಬೆ, ಅವುಗಳ ಫಲಿತಾಂಶಕ್ಕೆ ಮಾನ್ಯತೆ ನೀಡುವುದು ಪ್ಯಾರಿಸ್ಸಿನ ಓಡಾಕ್ಸ್ ಕ್ಲಬ್. ಆದರೆ ಕನ್ನಡನಾಡಿಗೆ ಬಂದದ್ದು ಗಡುವಿನ ಕೊಂಬೆ ಮಾತ್ರ. ಹಳ್ಳಿಗಳನ್ನು ನೋಡುತ್ತ ಸಾಗುವ ಕೊಂಬೆಯ ಪರಿಚಯ ಇಲ್ಲಿ ಇನ್ನೂ ಆಗಿಲ್ಲ.

ಆರಂಭದ ಕಾಲವನ್ನು ಬೇಗನೆ ದಾಟಬಹುದು. 1860ರ ದಶಕದಲ್ಲಿ ಪ್ಯಾರಿಸ್ಸಿನ ಮಿಶೋ ಕಾರ್ಯಾಗಾರದಿಂದ ಹೊರಬಂದ, ಮುಂದಿನ ಗಾಲಿಗೇ ಪೆಡಲ್ ಜೋಡಿಸಿದ ವೆಲೊಸಿಪೀಡ್ ಪಟ್ಟಣದ ಶೋಕಿಯಾಗಿತ್ತು. 1869ರ ಪ್ಯಾರಿಸ್–ರೂಆಂ ಓಟ ಅದು ಊರಿಂದೂರಿಗೆ ಹೋಗಬಲ್ಲದೆಂದು ತೋರಿಸಿತಾದರೂ ಹಳ್ಳಿಯ ಕಲ್ಲುದಾರಿಗೆ ಅದು ಹೇಳಿಮಾಡಿಸಿದ ಯಂತ್ರವಾಗಿರಲಿಲ್ಲ. 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ರೂಪಿಸಿದ ಸಮಗಾಲಿಯ ರೋವರ್ ಸೈಕಲ್, 1888ರ ಡನ್‌ಲಪ್ ಗಾಳಿಟೈರು, 1891ರಲ್ಲಿ ಮಿಶೆಲಿನ್ ಸಂಸ್ಥೆ ತಂದ ಕಳಚಿ ಜೋಡಿಸಬಹುದಾದ ಟೈರು, ಇವು ಮೂರೂ ಸೇರಿದ ಮೇಲೆಯೇ ಪ್ರವಾಸ ಸಾಧ್ಯವಾಯಿತು. ಅದಕ್ಕೂ ಮೊದಲೇ ಅಮೆರಿಕದ ಪೆನೆಲ್ ದಂಪತಿಗಳು ಜೋಡಿ ಆಸನದ ಮೂರುಗಾಲಿ ಸೈಕಲ್ಲಿನಲ್ಲಿ ಫ್ರಾನ್ಸನ್ನು ಹಾದುಹೋಗಿ 1888ರಲ್ಲಿ ಅದರ ಕಥನವನ್ನು ಪ್ರಕಟಿಸಿದ್ದರು. ಪತ್ನಿ ಎಲಿಜಬೆತ್ ಬರೆದರು, ಪತಿ ಜೋಸೆಫ್ ಚಿತ್ರ ಬಿಡಿಸಿದರು. 1890ರಲ್ಲಿ ಸ್ಥಾಪನೆಯಾದ ಟೂರಿಂಗ್ ಕ್ಲಬ್ ದ ಫ್ರಾನ್ಸ್ ಹಳ್ಳಿಯ ತಂಗುಮನೆಗಳ ಸ್ವಚ್ಛತೆಗಾಗಿ, ರಸ್ತೆಯ ಸೂಚನಾಫಲಕಗಳಿಗಾಗಿ ದುಡಿದದ್ದು ದೊಡ್ಡ ಕೆಲಸವೇ, ಆದರೆ ಮೋಟಾರು ಬಂದೊಡನೆ ಕ್ಲಬ್ಬಿನ ಗಮನ ಅತ್ತ ತಿರುಗಿತು, ಸೈಕಲ್ ಸವಾರನು ತನ್ನದೇ ಸಂಸ್ಥೆಯಲ್ಲಿ ಬಡನೆಂಟನಾದನು.

ಈ ಕ್ಷೇತ್ರಕ್ಕೆ ತತ್ತ್ವವೆಂಬುದು ಒದಗಿದ್ದು ರಾಜಧಾನಿಯಿಂದಲ್ಲ, ಬಂದೂಕು ಮತ್ತು ರಿಬ್ಬನ್ನುಗಳ ಊರಾದ ಸೇಂಟ್-ಎಟಿಯೆನ್ನಿಂದ. 1853ರಲ್ಲಿ ಪ್ರೊವಾನ್ಸ್ ಪ್ರಾಂತದಲ್ಲಿ ಹುಟ್ಟಿ, ರೇಷ್ಮೆ ವ್ಯಾಪಾರದಲ್ಲಿದ್ದು, ಬಳಿಕ ಅದನ್ನು ಬಿಟ್ಟು ಸೈಕಲ್ಲಿಗೆ ಒಲಿದ ಪೋಲ್ ದ ವಿವಿ 1887ರಲ್ಲಿ ಅಲ್ಲಿ ಒಂದು ಪತ್ರಿಕೆಯನ್ನು ಆರಂಭಿಸಿದರು. 'ಲ ಸಿಕ್ಲಿಸ್ಟ್' ಎಂದು ಹೆಸರಾದ ಆ ಪತ್ರಿಕೆಯಲ್ಲಿ 'ವೆಲೊಸಿಯೊ' ಎಂಬ ಅಂಕಿತದಿಂದ ಅವರು ಬರೆದದ್ದೇ ಇಂದಿಗೂ ಸಿಕ್ಲೊತೂರಿಸ್ಮಿನ ಆಧಾರ. ಹಸಿವಾಗುವ ಮೊದಲು ತಿನ್ನಬೇಕು, ಬಾಯಾರುವ ಮೊದಲು ಕುಡಿಯಬೇಕು, ದಾರಿಯಲ್ಲಿ ಮಾಂಸ, ಮದ್ಯ, ತಂಬಾಕುಗಳನ್ನು ದೂರವಿಡಬೇಕು, ಒಣಹೆಮ್ಮೆಗಾಗಿ ಎಂದೂ ತುಳಿಯಬಾರದು ಎಂಬರ್ಥದ ಅವರ ಏಳು ನಿಯಮಗಳನ್ನು ಎಲ್ಲರೂ ಹೇಳುತ್ತಾರೆ. ಅವಕ್ಕಿಂತ ಮುಖ್ಯವಾದ ಅವರ ಕೆಲಸ ಗೇರಿನದು, ಹಳ್ಳಿಗಳ ಚರಿತ್ರೆಗೂ ಅದಕ್ಕೂ ಇರುವ ಸಂಬಂಧವನ್ನು ಮಾತ್ರ ಯಾರೂ ವಿವರವಾಗಿ ಗುರುತಿಸಿದಂತಿಲ್ಲ.

ಪೆಡಲಿನ ಒಂದು ಪೂರ್ಣ ಸುತ್ತಿಗೆ ಸೈಕಲ್ ಕ್ರಮಿಸುವ ದೂರವನ್ನು ಫ್ರೆಂಚರು 'ದೆವ್ಲೊಪ್‌ಮಾಂ' ಎಂದು ಕರೆದು ಮೀಟರುಗಳಲ್ಲಿ ಅಳೆಯುತ್ತಾರೆ. ಸುಮಾರು 2.1 ಮೀಟರು ಸುತ್ತಳತೆಯ ಗಾಲಿಗೆ ಮುಂದೆ 48, ಹಿಂದೆ 18 ಹಲ್ಲುಗಳ ಚಕ್ರಗಳಿದ್ದರೆ ಅದು 5.6 ಮೀಟರಾಗುತ್ತದೆ, ಎರಡೂ ಕಡೆ 26 ಹಲ್ಲುಗಳಿದ್ದರೆ 2.1 ಮೀಟರು ಮಾತ್ರ. ಮೊದಲನೆಯದು ನದಿಬಯಲಿಗೆ ತಕ್ಕದ್ದು, ಎರಡನೆಯದು ಕಡಿದಾದ ಏರಿಗೆ. ದಕ್ಷಿಣ ಫ್ರಾನ್ಸಿನ ಹಳೆಯ ಊರುಗಳಲ್ಲಿ ಅನೇಕವು ರಕ್ಷಣೆಗಾಗಿ ಗುಡ್ಡದ ನೆತ್ತಿಯನ್ನು ಆಯ್ದುಕೊಂಡವು. ಗೋರ್ಡಿನಂಥ ಊರಿಗೆ ಒಂದೇ ಗೇರಿನ ಸೈಕಲ್ಲಿನಲ್ಲಿ ಹೋಗುವವನು ಸಾಮಾನು ಹೇರಿಕೊಂಡಿದ್ದರೆ ಇಳಿದು ತಳ್ಳುತ್ತ ಹೋಗಬೇಕಿತ್ತು, ಇಲ್ಲವೇ ಕಣಿವೆಯಲ್ಲೇ ನಿಂತು ಮೇಲೆ ನೋಡಬೇಕಿತ್ತು. ವೆಲೊಸಿಯೊ ಮತ್ತು ಅವರ ಸುತ್ತ ಬೆಳೆದ 'ಸೇಂಟ್-ಎಟಿಯೆನ್ ಪಂಥ' ಎರಡು ಸರಪಳಿಗಳ ಯಂತ್ರದಿಂದ ಸರಪಳಿಯನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಡಿರೈಲರ್‌ವರೆಗೆ ಹಲವು ಉಪಾಯಗಳನ್ನು ರಸ್ತೆಯ ಮೇಲೆಯೇ ಪರೀಕ್ಷಿಸಿತು. ಹಿಂದಕ್ಕೆ ತುಳಿದರೆ ಹಗುರ ಗೇರು ಹಿಡಿದು ಸೈಕಲ್ ಮುಂದಕ್ಕೇ ಹೋಗುವ 'ರೆತ್ರೊ-ದಿರೆಕ್ಟ್' ಎಂಬ ವಿಚಿತ್ರವನ್ನು ಅದೇ ಊರಿನ ಕಾರ್ಖಾನೆಯೊಂದು 'ಇರೋಂದೆಲ್' ಹೆಸರಿನ ಸೈಕಲ್ಲುಗಳಲ್ಲಿ ಮಾರಿತು. ಸಾಮಾನ್ಯ ದೇಹಬಲದವರಿಗೂ ಗುಡ್ಡದ ಊರುಗಳು ದಿನದ ದಾರಿಯೊಳಗೆ ಬಂದದ್ದು ಹೀಗೆ. ಸೇಂಟ್-ಎಟಿಯೆನ್ನಿಂದ ಹೊರಟರೆ ಎದುರಾಗುವ 1161 ಮೀಟರು ಎತ್ತರದ ರಿಪಬ್ಲಿಕ್ ಕಣಿವೆಬಾಗಿಲು ಈ ಪಂಥದ ಪ್ರಯೋಗಶಾಲೆಯಾಗಿತ್ತು. ಅದನ್ನು ದಾಟಿ ಈಸ್ಟರ್ ರಜೆಯಲ್ಲಿ ರಾತ್ರಿಯಿಡೀ ತುಳಿದು ಪ್ರೊವಾನ್ಸಿಗೆ ಹೋಗುವುದು ಅವರ ವಾಡಿಕೆಯಾಗಿತ್ತು. ಟೂರ್ ದ ಫ್ರಾನ್ಸಿನ ಸ್ಥಾಪಕ ಆನ್ರಿ ದೆಗ್ರಾಂಜ್ ಇದನ್ನೆಲ್ಲ ಹಗುರವಾಗಿ ಕಂಡರು, ಅವರ ಸ್ಪರ್ಧೆ ಡಿರೈಲರನ್ನು ಒಪ್ಪಿಕೊಂಡದ್ದು 1937ರಲ್ಲಿ. ಪ್ರವಾಸಿಗಳು ಅದಕ್ಕೂ ಎಷ್ಟೋ ಮೊದಲು ಅದನ್ನು ನೆಚ್ಚಿಕೊಂಡಿದ್ದರು. ಸ್ಪರ್ಧೆಯೇ ತಂತ್ರಜ್ಞಾನದ ತಾಯಿ ಎನ್ನುವವರು ಈ ವರ್ಷವನ್ನು ನೆನಪಿನಲ್ಲಿಡುವುದು ಒಳ್ಳೆಯದು.

ವೆಲೊಸಿಯೊ 1930ರಲ್ಲಿ ತಮ್ಮ ಊರಿನ ರಸ್ತೆಯಲ್ಲೇ ಟ್ರಾಮಿಗೆ ಸಿಕ್ಕಿ ತೀರಿಕೊಂಡರು. ಅಷ್ಟರಲ್ಲಿ 1923ರಲ್ಲಿ ಸಿಕ್ಲೊತೂರಿಸ್ಮ್ ಸಂಘಗಳ ಒಕ್ಕೂಟ ಹುಟ್ಟಿತ್ತು, 1929ರಲ್ಲಿ ಮಾರ್ಕ್ ಸಾಂಞಿಯೆ ದೇಶದ ಮೊದಲ ಯುವ ವಸತಿಗೃಹವನ್ನು ತೆರೆದಿದ್ದರು. 1936ರ ಜನರಂಗ ಸರ್ಕಾರ ಕಾರ್ಮಿಕರಿಗೆ ಎರಡು ವಾರಗಳ ಸಂಬಳಸಹಿತ ರಜೆ ಕೊಟ್ಟಾಗ ಜೋಡಿ ಸೈಕಲ್ಲುಗಳಲ್ಲಿ ಹಳ್ಳಿಗಾಡಿಗೆ ಹೊರಟ ಯುವಜೋಡಿಗಳ ಛಾಯಾಚಿತ್ರಗಳು ಇಂದು ಪ್ರತಿ ಪಠ್ಯಪುಸ್ತಕದಲ್ಲೂ ಕಾಣಸಿಗುತ್ತವೆ. ಚಿತ್ರ ಸುಳ್ಳಲ್ಲ, ಆದರೆ ಸಿಕ್ಲೊತೂರಿಸ್ಮ್ ಅಂದೇ ಹುಟ್ಟಿತೆಂಬ ಭಾವನೆಯನ್ನು ಅದು ಬೇರೂರಿಸಿದೆ. ಅದೇ ದಶಕದಲ್ಲಿ ಅಲೆಕ್ಸ್ ಸಿಂಗರ್, ಮುಂದೆ ರೆನೆ ಎರ್ಸ್ ಮೊದಲಾದ ಕುಶಲಕರ್ಮಿಗಳು ಅಗಲವಾದ ಟೈರು, ಮಡ್‌ಗಾರ್ಡು, ದೀಪ, ಮುಂದಿನ ಚೀಲ ಎಲ್ಲವನ್ನೂ ಚೌಕಟ್ಟಿನೊಂದಿಗೇ ಯೋಜಿಸಿ ಕಟ್ಟಿದ 'ರಾಂದೊನೆಜ್' ಸೈಕಲ್ಲುಗಳು ಇವತ್ತಿಗೂ ಮೀರಲಾಗದ ಮಾದರಿಗಳು. ಮಳೆಯಲ್ಲಿ ತುಳಿಯಲೆಂದು ಕಟ್ಟಿದ ಅವನ್ನು ಸಂಗ್ರಾಹಕರು ಈಗ ಗೋಡೆಗೆ ನೇತುಹಾಕುತ್ತಿದ್ದಾರೆ.

ಈ ಪರಂಪರೆಯ ನಿಜವಾದ ಪಠ್ಯಗಳು ಎರಡು, ಎರಡೂ ಪುಸ್ತಕಗಳಲ್ಲ. ಮೊದಲನೆಯದು ಒಂದು ಸೆಂಟಿಮೀಟರಿಗೆ ಎರಡು ಕಿಲೋಮೀಟರಿನ ಅಳತೆಯ ಮಿಶೆಲಿನ್ ನಕ್ಷೆ. ಅದರಲ್ಲಿ ರಸ್ತೆಗೆ ಅಡ್ಡವಾಗಿ ಒಂದು ಬಾಣದ ಗುರುತಿದ್ದರೆ ಐದರಿಂದ ಒಂಬತ್ತು ಶೇಕಡದ ಏರು, ಎರಡಿದ್ದರೆ ಒಂಬತ್ತರಿಂದ ಹದಿಮೂರು, ಮೂರಿದ್ದರೆ ಅದಕ್ಕೂ ಹೆಚ್ಚು. ರಸ್ತೆಯ ಅಂಚಿಗೆ ಹಸಿರು ಗೆರೆಯಿದ್ದರೆ ಆ ದಾರಿಯಲ್ಲಿ ನೋಟ ಚೆನ್ನಾಗಿದೆ ಎಂದರ್ಥ. ಬಿಳಿ, ಹಳದಿ ಬಣ್ಣದ ಸಣ್ಣ ರಸ್ತೆಗಳನ್ನು ಹಸಿರು ಗೆರೆಯ ಆಸರೆಯಲ್ಲಿ ಹೆಣೆದು, ಬಾಣಗಳನ್ನು ಲೆಕ್ಕ ಹಾಕಿ ದಿನದ ದಾರಿಯನ್ನು ನಿಶ್ಚಯಿಸುವ ಕಲೆಯನ್ನು ಹಳೆಯ ತಲೆಮಾರಿನ ಸವಾರರು ಓದುಬರಹದಂತೆಯೇ ಕಲಿತರು. ಎರಡನೆಯದು ಒಕ್ಕೂಟ ನಡೆಸುವ 'ಬ್ರೆವೆ ದೆ ಪ್ರೊವ್ಯಾಂಸ್ ಫ್ರಾಂಸೇಜ್' (ಫ್ರೆಂಚ್ ಪ್ರಾಂತಗಳ ಬ್ರೆವೆ), ಸಂಕ್ಷೇಪದಲ್ಲಿ ಬಿಪಿಎಫ್. ಪ್ರತಿ ಜಿಲ್ಲೆಯಲ್ಲಿ, ಅಂದರೆ ಫ್ರೆಂಚರ 'ದೆಪಾರ್ತ್‌ಮಾಂ'ನಲ್ಲಿ, ನೋಡತಕ್ಕ ಆರು ಸ್ಥಳಗಳನ್ನು ಆರಿಸಲಾಗಿದೆ. ಸವಾರನು ಅಲ್ಲಿಗೆ ಸೈಕಲ್ಲಿನಲ್ಲಿ ಹೋಗಿ, ಊರಿನ ಬೇಕರಿಯವನಿಂದಲೋ ಕಾಫಿ ಅಂಗಡಿಯವಳಿಂದಲೋ ಕಾರ್ಡಿನ ಚೌಕದೊಳಗೆ ರಬ್ಬರ್ ಮೊಹರು ಒತ್ತಿಸಿಕೊಳ್ಳಬೇಕು. ಇದಕ್ಕೆ ಕಾಲಮಿತಿಯಿಲ್ಲ, ಇಡೀ ದೇಶವನ್ನು ಮುಗಿಸಲು ಮೂವತ್ತು ವರ್ಷ ತೆಗೆದುಕೊಂಡರೂ ಯಾರೂ ಕೇಳುವುದಿಲ್ಲ. ದೇಶದ ಆರು ಮೂಲೆಗಳಾದ ಬ್ರೆಸ್ಟ್, ಡಂಕರ್ಕ್, ಸ್ಟ್ರಾಸ್‌ಬರ್ಗ್, ಮಾಂತೊನ್, ಪೆರ್ಪಿಞಾಂ, ಆಂದಾಯ್‌ಗಳನ್ನು ಜೋಡಿಸುವ ಒಂಬತ್ತು 'ದಿಯಾಗೊನಾಲ್'ಗಳಿಗೆ ಗಡುವು ಉಂಟು, ಹೆಸರೂ ಹೆಚ್ಚು. ಆದರೆ ಊರನ್ನು ಊರಾಗಿ ನೋಡುವ ಅಭ್ಯಾಸವನ್ನು ಕಲಿಸಿದ್ದು ಬಿಪಿಎಫ್ ಒಂದೇ.

ಯುದ್ಧಾನಂತರದ ಮೂರು ದಶಕಗಳಲ್ಲಿ ಕಾರು ಎಲ್ಲವನ್ನೂ ಆವರಿಸಿಕೊಂಡಿತು. ಲಾಂಡ್ ಪ್ರದೇಶದ ಪಾದ್ರಿ ಜೋಸೆಫ್ ಮಾಸಿ 1959ರಲ್ಲಿ ಲಬಾಸ್ತೀದ್-ದಾರ್ಮಾಞಾಕಿನ ಹಳೆಯ ಪ್ರಾರ್ಥನಾಮಂದಿರವೊಂದನ್ನು ಸೈಕಲ್ ಸವಾರರ ಮಾತೆಗೆ ಮೀಸಲಿಡಿಸಿದ್ದು ಆ ಕಾಲದ ಉಲ್ಲೇಖನೀಯ ಘಟನೆ, ಆದರೆ ಅಲ್ಲಿಯೂ ಗೋಡೆಯ ತುಂಬ ತೂಗುತ್ತಿರುವುದು ಸ್ಪರ್ಧಿಗಳ ಅಂಗಿಗಳೇ. ಹಳ್ಳಿಗಳ ಕಡೆಯಿಂದ ನೋಡಿದರೆ ಬದಲಾವಣೆ ಬೇರೆ ಬಗೆಯದು. ಪಾರಂಪರಿಕ ಕಟ್ಟಡಗಳ ರಕ್ಷಣೆ 19ನೇ ಶತಮಾನದಲ್ಲೇ ಆರಂಭವಾಗಿತ್ತು. ವೆಜ್ಲೆ ಎಂಬ ಗುಡ್ಡದ ಊರಿನ ಬೆಸಿಲಿಕಾದ ಜೀರ್ಣೋದ್ಧಾರವನ್ನು ವಿಯೊಲೆ-ಲ-ದ್ಯುಕ್ ಕೈಗೆತ್ತಿಕೊಂಡದ್ದು 1840ರಲ್ಲಿ. ಒಂದು ಕಟ್ಟಡವನ್ನಲ್ಲದೆ ಇಡೀ ಪ್ರದೇಶವನ್ನು ಕಾಪಾಡುವ ಕಾನೂನು 1962ರಲ್ಲಿ ಸಚಿವ ಮಾಲ್ರೋ ಅವರ ಹೆಸರಿನಲ್ಲಿ ಬಂತು. 1982ರಲ್ಲಿ ಕೊರೆಜ್ ಜಿಲ್ಲೆಯ ಕಾಲೋಂಜ್-ಲಾ-ರೂಜ್ ಎಂಬ ಕೆಂಪು ಮರಳುಗಲ್ಲಿನ ಊರಿನ ಮೇಯರ್ ಶಾರ್ಲ್ ಸೆರಾಕ್ 'ಫ್ರಾನ್ಸಿನ ಅತ್ಯಂತ ಸುಂದರ ಹಳ್ಳಿಗಳು' ಎಂಬ ಸಂಘವನ್ನು ಕಟ್ಟಿದರು. 2000ಕ್ಕಿಂತ ಹೆಚ್ಚು ಜನಸಂಖ್ಯೆ ಇರಬಾರದು, ಕನಿಷ್ಠ ಎರಡು ಸಂರಕ್ಷಿತ ಸ್ಮಾರಕ ಅಥವಾ ತಾಣಗಳಿರಬೇಕು, ಊರಿನ ಪುರಸಭೆಯೇ ಅರ್ಜಿಗೆ ಒಪ್ಪಿಗೆ ಕೊಟ್ಟಿರಬೇಕು ಎಂಬುದು ಸಂಘದ ನಿಯಮ. ಈ ಬಿರುದು ಎಷ್ಟೋ ಊರುಗಳ ಮಾಡು ಕುಸಿಯದಂತೆ ಕಾಪಾಡಿತೆಂಬುದನ್ನು ಒಪ್ಪಲೇಬೇಕು. ಅದೇ ಬಿರುದು ಬಸ್ಸು ಕಾರುಗಳ ಪ್ರವಾಸಿಗಳನ್ನು ಊರ ಬಾಗಿಲಿಗೇ ತಂದಿಳಿಸಿ, ಊರನ್ನು ಅದರ ರಸ್ತೆಯಿಂದ ಕತ್ತರಿಸಿತು ಎಂಬುದೂ ನಿಜ.

ರಸ್ತೆಯಿಂದ ಕತ್ತರಿಸಿ ನೋಡಿದರೆ ಊರು ಅರ್ಥವಾಗುವುದಿಲ್ಲವೆಂಬುದಕ್ಕೆ ವೆಜ್ಲೆಯೇ ಸಾಕ್ಷಿ. ಕ್ಯೂರ್ ನದಿಯ ದಡದ ಸಾಂ-ಪೇರ್ ಹಳ್ಳಿಯಿಂದ ತುಳಿಯುವವನಿಗೆ ಬೆಸಿಲಿಕಾ ಮೊದಲು ದ್ರಾಕ್ಷಿತೋಟಗಳ ಮೇಲೆ ಕಾಣಿಸಿ, ತಿರುವಿನಲ್ಲಿ ಮರೆಯಾಗಿ, ಏದುಸಿರಿನ ನಡುವೆ ಮತ್ತೆ ಎದುರಾಗುತ್ತದೆ. ಮಧ್ಯಯುಗದ ಯಾತ್ರಿಕನಿಗೆ ಆ ಗುಡ್ಡ ಏಕೆ ಬೇಕಿತ್ತೆಂಬುದು ಸವಾರನ ಕಾಲುಗಳಿಗೆ ತಿಳಿಯುತ್ತದೆ. ಗುಡ್ಡದ ಬುಡದವರೆಗೆ ಕಾರಿನಲ್ಲಿ ಬಂದವನಿಗೆ ಸಿಗುವುದು ಅಂಗಡಿಸಾಲಿನ ಒಂದು ಬೀದಿ. ಹಾಗೆಯೇ 13ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಕಟ್ಟಿಸಿದ ಮೊಂಪಾಜಿಯೆ ಒಂದು 'ಬಾಸ್ತೀದ್', ಅಂದರೆ ಚೌಕುಳಿ ಬೀದಿಗಳು ಮತ್ತು ಕಮಾನುಮಂಟಪಗಳ ಸಂತೆಚೌಕವಿರುವ ಯೋಜಿತ ಪಟ್ಟಣ. ಸುತ್ತಲ ದಾರಿಗಳನ್ನು ತುಳಿದವನಿಗಷ್ಟೇ ಅದು ನೋಟದ ಊರಲ್ಲ, ಸಂತೆಯ ಊರು ಎಂದು ಮನವರಿಕೆಯಾಗುತ್ತದೆ.

ಇತ್ತೀಚಿನ ಘಟ್ಟ 'ವುವಾ ವೆರ್ತ್'ಗಳದು. ಅಂದರೆ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ ಹಸಿರುದಾರಿ. 1870ರ ದಶಕದ ಕೊನೆಯಲ್ಲಿ ಮಂತ್ರಿ ಫ್ರೆಸಿನೆ ರೂಪಿಸಿದ ಯೋಜನೆಯಡಿ ಸಣ್ಣಪುಟ್ಟ ಊರುಗಳಿಗೆ ಹಾಸಿದ ರೈಲುಹಳಿಗಳಲ್ಲಿ ಹಲವು 20ನೇ ಶತಮಾನದಲ್ಲಿ ಮುಚ್ಚಿಹೋಗಿದ್ದವು. ಅಂಥ ಹಳಿಗಳ ಜಾಡಿನಲ್ಲೇ ಟಾರು ಹಾಕಿ ದಾರಿ ಮಾಡುವ ಕೆಲಸಕ್ಕೆ ಬರ್ಗಂಡಿಯಲ್ಲಿ 1997ರಲ್ಲಿ ತೆರೆದ ಜಿವ್ರಿ–ಕ್ಲುನಿ ಮಾರ್ಗ ಮಾದರಿಯಾಯಿತು. ಮರುವರ್ಷವೇ ಸರ್ಕಾರ ರಾಷ್ಟ್ರೀಯ ಜಾಲದ ಯೋಜನೆಯನ್ನು ಅಂಗೀಕರಿಸಿತು. ಲುವಾರ್ ನದಿಗುಂಟ ಸಾಗುವ ಸುಮಾರು 900 ಕಿಲೋಮೀಟರುಗಳ 'ಲುವಾರ್ ಆ ವೆಲೊ' ಇವುಗಳಲ್ಲಿ ಅತ್ಯಂತ ಯಶಸ್ವಿ. ಸವಾರರಿಗೆ ಬೀಗ ಹಾಕಬಹುದಾದ ಸೈಕಲ್ ಕೋಣೆ, ದುರಸ್ತಿ ಸಲಕರಣೆ ಒದಗಿಸುವ ತಂಗುಮನೆಗಳಿಗೆ ಕೊಡುವ 'ಆಕೇಯ್ ವೆಲೊ' ಮುದ್ರೆಯೂ ಅಲ್ಲಿಂದಲೇ ದೇಶಕ್ಕೆ ಹರಡಿತು. ವಿಯೆನ್ ನದಿ ಲುವಾರನ್ನು ಕೂಡುವ ಕಾಂದ್-ಸಾಂ-ಮಾರ್ತಾಂನಲ್ಲಿ, ಸಂತ ಮಾರ್ಟಿನ್ 397ರಲ್ಲಿ ತೀರಿಕೊಂಡ ಸ್ಥಳದ ಚರ್ಚಿನ ಪಕ್ಕದಲ್ಲಿ, ಸುಣ್ಣಕಲ್ಲಿನ ಬಿಳಿಮನೆಗಳ ನಡುವೆ ಈ ದಾರಿ ಹಳ್ಳಿಯ ಬೀದಿಯೇ ಆಗಿಬಿಡುತ್ತದೆ. ಆ ಮಾರ್ಗ ಚೆನ್ನಾಗಿರುವುದು ಹೀಗೆ ಸಣ್ಣ ರಸ್ತೆಗಳಿಗೆ ಶರಣಾದ ಕಡೆಗಳಲ್ಲೇ. ಮಕ್ಕಳೊಂದಿಗೆ ಹೊರಟವರಿಗೆ, ವಯಸ್ಸಾದವರಿಗೆ ಹಸಿರುದಾರಿ ವರವೆಂಬುದರಲ್ಲಿ ಸಂಶಯವಿಲ್ಲ, ಆದರೆ ರೈಲುಹಳಿ ಏರನ್ನು ತಪ್ಪಿಸಲೆಂದೇ ಹುಟ್ಟಿದ್ದು, ಅದರ ಜಾಡು ಗುಡ್ಡದ ಊರನ್ನು ಮೇಲೆಯೇ ಬಿಟ್ಟು ಕಣಿವೆಯಲ್ಲಿ ಹರಿದುಹೋಗುತ್ತದೆ. ಒಂದು ಶತಮಾನದ ಹಿಂದೆ ಗೇರು ತೆರೆದ ಬಾಗಿಲನ್ನು ಯೋಜಕರು ಸದ್ದಿಲ್ಲದೆ ಮುಚ್ಚುತ್ತಿದ್ದಾರೆ. ಎಣಿಕೆಯ ಯಂತ್ರಗಳಿರುವುದು ಹಸಿರುದಾರಿಗಳ ಮೇಲೆ, ಹಣವನ್ನು ಹಂಚುವುದು ಎಣಿಕೆಯ ಮೇಲೆ. ಜಿಲ್ಲಾರಸ್ತೆಯ ಹಳದಿ ತಲೆಯ ಮೈಲಿಗಲ್ಲುಗಳನ್ನು ದಾಟಿಹೋಗುವ ಸವಾರನು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಅಧ್ಯಯನಗಳ ಸ್ಥಿತಿಯೂ ಸಮಾಧಾನಕರವಲ್ಲ. ಕ್ಯಾಥರೀನ್ ಬೆರ್ತೊ-ಲಾವ್ನೀರ್ ಅವರು 1999ರಲ್ಲಿ ಗಾಲಿ ಮತ್ತು ಲೇಖನಿಗಳ ಸಂಬಂಧವನ್ನು ಕುರಿತು ಬರೆದ ಕೃತಿ ಫ್ರೆಂಚರು ಪ್ರವಾಸಿಗಳಾದ ಬಗೆಯನ್ನು ಬಿಡಿಸಿಟ್ಟಿದೆ. ರೇಮೊಂ ಆನ್ರಿ ಗೇರಿನ ಚರಿತ್ರೆಯನ್ನು ತಾಳ್ಮೆಯಿಂದ ಕಟ್ಟಿಕೊಟ್ಟಿದ್ದಾರೆ. ಯಾನ್ ಹೈನೆ ರಾಂದೊನೆಜ್ ಸೈಕಲ್ಲಿಗೆ ಅಮೆರಿಕದಲ್ಲಿ ಮರುಹುಟ್ಟು ಕೊಟ್ಟಿದ್ದಾರೆ. ಇಂಗ್ಲೆಂಡಿನ ಗ್ರಹಾಂ ರಾಬ್ 14,000 ಮೈಲಿಗಳನ್ನು ಸೈಕಲ್ ಮೇಲೆ ಕ್ರಮಿಸಿ 2007ರಲ್ಲಿ ಪ್ರಕಟಿಸಿದ ಫ್ರಾನ್ಸಿನ ಚರಿತ್ರೆ, ಸೈಕಲ್ ಸಂಶೋಧನೆಯ ಸಾಧನವೂ ಆಗಬಲ್ಲದೆಂಬುದನ್ನು ತೋರಿಸಿತು. ಯಂತ್ರ ಮತ್ತು ಸವಾರರ ಬಗ್ಗೆ ಇಷ್ಟಾದರೂ ಇದೆ, ಎದುರುಗೊಂಡ ಊರುಗಳ ಬಗ್ಗೆ ಏನೂ ಇಲ್ಲವೆನ್ನಬೇಕು. ಸವಾರರಿಗೆ ಬಾಗಿಲು ತೆರೆದ ತಂಗುಮನೆಯ ಹೆಂಗಸರು, ಮೊಹರು ಒತ್ತಿದ ಅಂಗಡಿಕಾರರು, ಬಿರುದು ಸಿಗದ ಸಾವಿರಾರು ಸಾಧಾರಣ ಹಳ್ಳಿಗಳು ಈ ಚರಿತ್ರೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಎಲಿಜಬೆತ್ ಪೆನೆಲ್ಲರ ನಂತರದ ಮಹಿಳಾ ಸವಾರರ ಬರವಣಿಗೆಯನ್ನು ಒಟ್ಟುಗೂಡಿಸುವ ಕೆಲಸವೂ ಬಾಕಿ ಉಳಿದಿದೆ. ಹಳೆಯ ಹಳಿಗಳಿಗೆ ಟಾರು ಹಾಕಿದ ದೇಶವು ಓಡುವ ರೈಲುಗಳಲ್ಲಿ ಸೈಕಲ್ಲಿಗೆ ಜಾಗ ಕೊಡಬೇಕೆಂದು ಕಾನೂನು ಮಾಡಲು 2019ರವರೆಗೆ ಕಾಯಬೇಕಾದದ್ದು ಏಕೆಂಬುದನ್ನೂ ವಿದ್ವಾಂಸರು ಕೇಳಿಕೊಳ್ಳಬೇಕಿದೆ.

ಬೇಕರಿ ಮುಚ್ಚಿದ ಊರಿನಲ್ಲಿ ಸವಾರನಿಗೆ ರೊಟ್ಟಿಯೂ ಇಲ್ಲ, ಮೊಹರೂ ಇಲ್ಲ. ಅಂಥ ಕಡೆ ಊರಿನ ನಾಮಫಲಕದ ಮುಂದೆ ಸೈಕಲ್ಲನ್ನು ನಿಲ್ಲಿಸಿ ತೆಗೆದ ಚಿತ್ರವೇ ಪುರಾವೆಯಾಗಬೇಕಾಗುತ್ತದೆ. ಆದ್ದರಿಂದ ಮುಂದಿನ ಅಧ್ಯಯನ ಇನ್ನೊಂದು ಹಸಿರುದಾರಿಯ ಬಳಕೆದಾರರ ಸಮೀಕ್ಷೆಯಾಗಬೇಕಿಲ್ಲ. ಯಾವುದಾದರೂ ಒಂದು ಜಿಲ್ಲೆಯ ಆರು ಬಿಪಿಎಫ್ ಸ್ಥಳಗಳನ್ನು ಆರಿಸಿಕೊಂಡು, ಹಳೆಯ ಸವಾರರ ಕಾರ್ಡುಗಳ ಮೇಲಿರುವ ಮೊಹರುಗಳನ್ನು ಆ ಊರುಗಳಲ್ಲಿ ಇಂದು ಉಳಿದಿರುವ ಅಂಗಡಿಗಳೊಂದಿಗೆ ಹೋಲಿಸಿ ನೋಡುವ ಕೆಲಸ ಮೊದಲು ನಡೆಯಬೇಕು. ಅಂಥ ಕಾರ್ಡುಗಳು ಸವಾರರ ಮನೆಗಳಲ್ಲಿ, ಕ್ಲಬ್ಬುಗಳ ಕಪಾಟುಗಳಲ್ಲಿ ಇರುವಾಗಲೇ ಯಾರಾದರೂ ಅದಕ್ಕೆ ಕೈಹಾಕಬೇಕು.