ಹಿತ್ತಲಿನ ಬೆಟ್ಟದಾವರೆ

ಗಡಿನಾಡಿನ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಶಾಸನಗಳನ್ನೂ ಸರ್ಕಾರಿ ಆಜ್ಞೆಗಳನ್ನೂ ಆಧರಿಸುತ್ತಾರೆ. ಜೀರಹಳ್ಳಿಯವರಾದ ನಾವು ಹಿತ್ತಲಿನ ಗಿಡವೊಂದರಿಂದ ಆರಂಭಿಸಬಯಸುತ್ತೇವೆ. ಅದು ಬೆಟ್ಟದಾವರೆ.

ಇದು ದಾಸವಾಳದ ಕುಲಕ್ಕೆ ಸೇರಿದ ಪೊದೆ, ಮೂಲ ಚೀನಾ. ಬೆಳಿಗ್ಗೆ ಬಿಳಿಯಾಗಿ ಅರಳಿದ ಹೂವು ಮಧ್ಯಾಹ್ನಕ್ಕೆ ನಸುಗೆಂಪಾಗಿ, ಸಂಜೆಗೆ ಕಡುಗೆಂಪಾಗುತ್ತದೆ. ಆದುದರಿಂದಲೇ 1753ರಲ್ಲಿ ಲಿನೇಯಸ್ ಇದಕ್ಕೆ ‘ಹೈಬಿಸ್ಕಸ್ ಮ್ಯುಟಾಬಿಲಿಸ್’, ಅಂದರೆ ಬದಲಾಗುವ ದಾಸವಾಳ, ಎಂದು ಹೆಸರಿಟ್ಟರು. ಸಂಸ್ಕೃತದಲ್ಲಿ ಇದು ಸ್ಥಲಪದ್ಮ. ಸಾಮಾನ್ಯ ದಾಸವಾಳ ವರ್ಷವಿಡೀ ಹೂ ಬಿಟ್ಟರೆ, ಇದು ಮುಂಗಾರಿನುದ್ದಕ್ಕೂ ಎಲೆಯನ್ನೇ ಬೆಳೆಸಿ, ದಸರೆ ಕಳೆದು ದೀಪಾವಳಿಯ ಹೊತ್ತಿಗೆ ತುಂಬಿ ಅರಳುತ್ತದೆ.

ನಮ್ಮ ಅಜ್ಜಿಯವರು ಇದರ ಕಡ್ಡಿಯನ್ನು ತಮ್ಮ ತವರಾದ ಕೊಳ್ಳೇಗಾಲ ಸೀಮೆಯಿಂದ ತಂದು ನೆಟ್ಟಿದ್ದರು. ಆಗ ಕೊಳ್ಳೇಗಾಲವೂ ತಾಳವಾಡಿಯೂ ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರು ರಾಜ್ಯವನ್ನು ಸೇರಿತು; ತಾಳವಾಡಿ ಮದರಾಸಿನಲ್ಲಿಯೇ ಉಳಿಯಿತು. ಅಜ್ಜಿಯ ತವರು ಹೊರರಾಜ್ಯವಾಯಿತು. 1979ರಲ್ಲಿ ಕೊಯಮತ್ತೂರು ಜಿಲ್ಲೆಯೂ ಒಡೆದು, ನಮಗೆ ಈರೋಡು ಜಿಲ್ಲಾಕೇಂದ್ರವಾಯಿತು. ಗಡಿ ಬದಲಾದ ಆ ನವೆಂಬರಿನಲ್ಲಿಯೂ ಗಿಡ ಎಂದಿನಂತೆ ಅರಳಿತ್ತೆಂದು ಅಜ್ಜಿ ಹೇಳುತ್ತಿದ್ದರು.

ಆ ಗಿಡವನ್ನು ಕಡಿಸಿದವರು ನಾವೇ. ಮನೆಯನ್ನು ಹೊಸದಾಗಿ ಕಟ್ಟಿಸಿದಾಗ ಕಾಂಪೌಂಡಿಗೆ ಅಡ್ಡವೆನಿಸಿತು. ಊರ ಮಕ್ಕಳಿಗೆ ಚರಿತ್ರೆ ಬೋಧಿಸಿದ ನಮಗೆ ಹಿತ್ತಲಿನ ಚರಿತ್ರೆ ಕಾಣಲಿಲ್ಲ.

ನಿವೃತ್ತಿಯ ಬಳಿಕ ಹುಡುಕತೊಡಗಿದೆವು. ಅಜ್ಜಿ ಹಿಂದೆ ಕಡ್ಡಿ ಕೊಟ್ಟಿದ್ದ ಮನೆಯೊಂದರಲ್ಲಿ ಗಿಡ ಬದುಕಿತ್ತು. ಹೆಸರೇನೆಂದು ಆ ಮನೆಯ ಹುಡುಗಿಯನ್ನು ಕೇಳಿದಾಗ “ಸೆಂಬರುತ್ತಿ ಸಾರ್” ಎಂದಳು. ಒಳಗಿನಿಂದ ಮುದುಕಿಯೊಬ್ಬರು, “ಅಲ್ಲ ಕಣವ್ವ, ಬೆಟ್ಟದಾವರೆ” ಎಂದರು. ತಮಿಳಿನ ಹೆಸರೂ ಸೊಗಸಾದುದೇ. ಅದರ ಮೇಲೆ ನಮಗೆ ಮುನಿಸಿಲ್ಲ. ಆದರೆ ಆ ಮುದುಕಿಯ ಮಾತು ನಿಂತ ದಿನ ನಮ್ಮ ಹೆಸರನ್ನು ಹೇಳಿಕೊಡುವವರು ಯಾರು ಎಂಬ ಚಿಂತೆ ಅಂದು ನಮ್ಮನ್ನು ಹಿಡಿಯಿತು.

ಅಲ್ಲಿಂದ ತಂದ ಕಡ್ಡಿ ಈಗ ನಮ್ಮ ಹಿತ್ತಲಿನಲ್ಲಿ ಆಳೆತ್ತರ ಬೆಳೆದಿದೆ. ಬೆಳೆಸುವುದು ಕಷ್ಟವಲ್ಲ. ಗೇಣುದ್ದದ ಬಲಿತ ಕಡ್ಡಿಯನ್ನು ಮಳೆ ಹಿಡಿಯುವ ಮೊದಲು ಬಿಸಿಲು ಬೀಳುವೆಡೆ ನೆಡಬೇಕು. ಬುಡದಲ್ಲಿ ನೀರು ನಿಲ್ಲಬಾರದು. ಹೂ ಮುಗಿದ ಮೇಲೆ ಕೊಂಬೆಗಳನ್ನು ಸವರಬೇಕು, ಏಕೆಂದರೆ ಹೂ ಬರುವುದು ಹೊಸ ಚಿಗುರಿನಲ್ಲಿ.

ಸವರಿದ ಕಡ್ಡಿಗಳನ್ನು ನಾವು ಎಸೆಯುವುದಿಲ್ಲ. ಸಂಘದ ಬಂಧುಗಳು ಯಾರೇ ಬಂದರೂ ಕೊಡುತ್ತೇವೆ. ಕಡ್ಡಿಯೊಡನೆ ಹೆಸರನ್ನೂ ಒಯ್ದು ಮನೆಯ ಮಕ್ಕಳಿಗೆ ಹೇಳಿಕೊಡಬೇಕೆಂಬುದೊಂದೇ ನಮ್ಮ ವಿನಂತಿ.